ಚಲನೆಯಿಲ್ಲದ ಖಾತೆ

ಡುಲೂತಿನಲ್ಲಿ ಜನವರಿ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಆರ್ಲಿಸ್ ಮ್ಯಾಟಿಲಾಳ ನೆಲಮಾಳಿಗೆಯಲ್ಲಿ
ಮೊಣಕಾಲೂರಿ, ಫರ್ನೇಸಿನ ಬಾಯಿಗೆ ಟಾರ್ಚು ಹಿಡಿದಿದ್ದೆ.
ಕಿಡಿ ಹೊತ್ತಿಸುವ ಕಡ್ಡಿ ಸೀಳಿಹೋಗಿತ್ತು.
ಮುನ್ನೂರ ಹನ್ನೆರಡು ಡಾಲರು, ಅಂದೆ.
ಯಜಮಾನರ ಕಟ್ಟಪ್ಪಣೆ: ದುಡ್ಡು ಮೊದಲು, ಸ್ಪ್ಯಾನರು ಆಮೇಲೆ.

"ಇದೆ," ಅಂದಳು, "ಸ್ವಲ್ಪ ತಡಿ,"
ಮೇಲೆ ಹೋಗಿ ಫ್ರೀಜರಿನ ಬಾಗಿಲು ತೆಗೆದಳು.

ಬಟಾಣಿ ಪೊಟ್ಟಣ, ಮೀನಿನ ತುಂಡುಗಳ ಹಿಂದಿನಿಂದ
ಐಸ್‌ಕ್ರೀಮಿನ ಹಳೆಯ ಡಬ್ಬಿ ಬಂತು.
ಡಬ್ಬಿಯ ತುಂಬ ಗಟ್ಟಿ ನೀರು. ನೀರೊಳಗೆ,
ಮಂಜು ಹಿಡಿದ ಕಿಟಕಿಯಾಚೆ ಯಾರೋ ನಿಂತ ಹಾಗೆ,
ಮಸುಕು ಮಸುಕಾಗಿ ಒಂದು ನೀಲಿ ಕಾರ್ಡು.

ಒಡೆಯಬಾರದು, ಸೀಳು ಬಿಟ್ಟೀತು.
ಮೈಕ್ರೋವೇವಿಗೆ ಇಡಬಾರದು, ಚಿಪ್ ಸುಟ್ಟೀತು.
ಕಾಯಬೇಕು. ಹಾಗಿಟ್ಟದ್ದೇ ಅದಕ್ಕೆ:
ಕೊಳ್ಳುವ ಆಸೆ ಬಂದರೆ, ಐಸು ಕರಗುವ ಹೊತ್ತಿಗೆ
ಆಸೆಯೂ ಕರಗಲಿ ಎಂದು.

ಸಿಂಕಿನಲ್ಲಿ ಡಬ್ಬಿ. ನಲ್ಲಿಯಿಂದ ಸಣ್ಣ ಧಾರೆ.
ಇಬ್ಬರೂ ಕೋಟು ತೊಟ್ಟೇ ನಿಂತೆವು,
ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ.

ಆಗ ಹೇಳಿದಳು, ನಾನು ಕೇಳದೆಯೇ:
ಡ್ವೇನ್ ಹೋಗುವಾಗ ದೋಣಿಯನ್ನು ಒಯ್ದ,
ದೋಣಿಯ ಸಾಲವನ್ನು ಬಿಟ್ಟ.
ಹನ್ನೊಂದು ಸಾವಿರ. ಐದು ಕಾರ್ಡು.
ಬೆಳಗಿನ ಐದಕ್ಕೆ ಸ್ಕೂಲು ಬಸ್ಸಿನ ಹಿಮ ಕೆರೆದು ಕೆರೆದು
ಒಂಬತ್ತು ವರ್ಷ ತೀರಿಸಿದೆ.
ನಾಲ್ಕನ್ನು ಕತ್ತರಿಸಿದೆ. ಇದೊಂದನ್ನು
ಇಂಥ ದಿನಕ್ಕೆಂದು ಹೂತಿಟ್ಟೆ.

ಕಾರ್ಡು ಹೊರಬಂತು. ಅಂಗಿಯ ಅಂಚಿಗೆ ಒರೆಸಿ ಕೊಟ್ಟಳು;
ಬೆರಳು ಕೆಂಪಾಗಿದ್ದವು.
ನನ್ನ ಪುಟ್ಟ ಯಂತ್ರಕ್ಕೆ ತೂರಿಸಿದೆ.
ಇಲ್ಲ, ಅಂತು.
ಚಿಪ್ಪಿನ ಮೇಲೆ ಉಸಿರು ಬಿಟ್ಟು, ಉಜ್ಜಿ, ಮತ್ತೊಮ್ಮೆ.
ಇಲ್ಲ.

ಕಾರ್ಡಿನ ಬೆನ್ನ ಮೇಲಿನ ನಂಬರು.
ಮೂವತ್ತೈದು ನಿಮಿಷ ಪಿಟೀಲು. ಆಮೇಲೆ ಒಬ್ಬಳು,
ಎಲ್ಲೋ ಬೆಚ್ಚಗಿನ ಕೋಣೆಯಲ್ಲಿ ಕೂತವಳು, ನಯವಾಗಿ:
"ಹತ್ತೊಂಬತ್ತು ತಿಂಗಳಿಂದ ಖಾತೆಯಲ್ಲಿ ಚಲನೆಯಿಲ್ಲ ಮೇಡಂ.
ಅಕ್ಟೋಬರಿನಲ್ಲೇ ಮುಚ್ಚಿದ್ದೇವೆ. ಪತ್ರ ಹೋಗಿದೆ."
"ಬಾಕಿ ಉಳಿಸಿದ್ದೆನಾ?"
"ಇಲ್ಲ ಮೇಡಂ."
"ಒಂದಾದರೂ ಕಂತು ತಪ್ಪಿಸಿದ್ದೆನಾ?"
"ಇಲ್ಲ ಮೇಡಂ. ನಿಮ್ಮದು ತುಂಬ ಒಳ್ಳೆಯ ದಾಖಲೆ."
ಫೋನು ಸ್ಪೀಕರಿನಲ್ಲಿತ್ತು. ನಾನು ಕ್ಯಾಲೆಂಡರು ನೋಡುತ್ತಾ ನಿಂತೆ.

ಸಾಲ ಕೊಟ್ಟವನು ಬಂದು ಬಾಗಿಲಲ್ಲಿ ಕೂರುವುದು ಗೊತ್ತಿತ್ತು.
ಸಾಲ ಮಾಡಲಿಲ್ಲವೆಂದು ಮುನಿದು ಎದ್ದುಹೋಗುವುದು ಹೊಸದು.
ಋಣ ಹರಿಯಿತು ಅನ್ನುವುದು ಇದಕ್ಕೇ ಇರಬೇಕು:
ಕೊನೆಯ ಡಾಲರು ಕಟ್ಟಿದ ದಿನ ಅವಳು ಹಗುರಾದಳು,
ಅವರು ಅವಳ ಹೆಸರಿನ ಮುಂದೆ ದಿನ ಎಣಿಸತೊಡಗಿದರು.

"ಹೊಸದಾಗಿ ಅರ್ಜಿ ಹಾಕಬಹುದು ಮೇಡಂ. ಆದರೆ
ಹಳೆಯ ಖಾತೆ ಹೋದದ್ದಕ್ಕೆ ಸ್ಕೋರು ಕೊಂಚ ಇಳಿದಿರಬಹುದು.
ಇನ್ನೇನಾದರೂ ಸಹಾಯ ಬೇಕಿತ್ತಾ?"
ಆರ್ಲಿಸ್ ಯೋಚಿಸಿದಳು. ನಿಜಕ್ಕೂ ಯೋಚಿಸಿದಳು.
"ಅಲ್ಲಿ ಈಗ ಎಷ್ಟು ಡಿಗ್ರಿ?" ಎಂದು ಕೇಳಿದಳು.
ಆ ಪ್ರಶ್ನೆಗೆ ಉತ್ತರ
ಅವಳ ಮುಂದಿದ್ದ ಹಾಳೆಯಲ್ಲಿ ಇರಲಿಲ್ಲವೇನೋ.

ಅಷ್ಟರಲ್ಲಿ ಅಡುಗೆಮನೆ ನಲವತ್ತೊಂದಕ್ಕೆ ಇಳಿದಿತ್ತು.
ವ್ಯಾನಿನಲ್ಲಿ ಇನ್ನಾವುದೋ ಮನೆಯಿಂದ ಬಿಚ್ಚಿ ತಂದ ಹಳೆಯ ಕಡ್ಡಿ.
ಒಂದು ವಾರ ಬಂದರೆ ಪುಣ್ಯ, ಅಂದೆ. ಉದ್ರಿ, ಅಂದೆ.
ಯಜಮಾನರಿಗೆ ಏನು ಹೇಳಿದೆ ಅನ್ನುವುದು ಬೇರೆ ಕತೆ.

ಮೇಲೆ ಬಂದರೆ, ಆಕೆ ಕಾರ್ಡನ್ನು ಮತ್ತೆ ಡಬ್ಬಿಗೆ ಹಾಕಿ
ನೀರು ತುಂಬಿಸುತ್ತಿದ್ದಾಳೆ.
ಸತ್ತಿದೆಯಲ್ಲ ಅದು, ಅಂದೆ.
"ಕತ್ತರಿಸಿ ಬಿಸಾಡಿ ಅಂತ ಪತ್ರದಲ್ಲಿ ಬರೆದಿರ್ತಾರೆ.
ಅಷ್ಟು ಕೆಲಸ ಅವರಿಗೆ ನಾನ್ಯಾಕೆ ಮಾಡಿಕೊಡಲಿ?"
ಫ್ರೀಜರು ಮುಚ್ಚಿದಳು.
ಕೆಳಗೆ ಫರ್ನೇಸು ಒಂದು ಸಲ ಕೆಮ್ಮಿತು.